ಪೂರ್ವಾಹ್ನ, ಅಪರಾಹ್ನ

ಯಾವ ವಿಭಾಗಕ್ಕೂ ಸೇರದ ಕೆಲಸಗಳೆಲ್ಲ ಕೊನೆಗೆ ಕನ್ನಡ ವಿಭಾಗಕ್ಕೆ ಬಂದು ಬೀಳುವುದು ನಮ್ಮ ಕಾಲೇಜಿನಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ಸ್ವಾಗತ ಭಾಷಣ, ವಂದನಾರ್ಪಣೆ, ಆಹ್ವಾನ ಪತ್ರಿಕೆಯ ಕರಡು ತಿದ್ದುವುದು, ಯಾರಾದರೂ ಕಾಲವಾದರೆ ಸಂತಾಪ ಸೂಚಕ ನಿರ್ಣಯ ಬರೆಯುವುದು, ಇವೆಲ್ಲ ನಮ್ಮ ಪಾಲಿನವು. ಇವಕ್ಕೆ ನಾನು ಒಗ್ಗಿಕೊಂಡಿದ್ದೇನೆ. ಕಳೆದ ವರ್ಷ ಬೇಸಗೆ ರಜೆಗೆ ಇನ್ನೆರಡು ದಿನ ಇರುವಾಗ ಪ್ರಾಂಶುಪಾಲರು ಕರೆಸಿದರು. ಇನ್ನೊಂದು ಭಾಷಣವಿರಬೇಕೆಂದೇ ಭಾವಿಸಿ ಹೋದೆ.

“ಮೇಷ್ಟ್ರೇ, ಮೇಲಿನ ಕಛೇರಿಯಿಂದ ಹೊಸ ತಂತ್ರಾಂಶ ಬಂದಿದೆ. ಪ್ರತಿಯೊಬ್ಬ ಅಧ್ಯಾಪಕರೂ ಎಂದು ನೇಮಕವಾದರು, ಯಾವ ಊರಿನಲ್ಲಿ ಎಷ್ಟು ಕಾಲ ಇದ್ದರು, ಯಾವ ದರ್ಜೆಗೆ ಎಂದು ಏರಿದರು, ಎಲ್ಲವನ್ನೂ ಕ್ರಮವಾಗಿ ತುಂಬಿಸಬೇಕಂತೆ. ಆ ಕೆಲಸ ನಿಮ್ಮದು” ಎಂದರು.

“ಸಾರ್, ನನಗೆ ಕಂಪ್ಯೂಟರಿನಲ್ಲಿ ಕಾಗದ ಬರೆಯುವಷ್ಟು ಮಾತ್ರ ಗೊತ್ತು. ಅರ್ಥಶಾಸ್ತ್ರದವರಿಗೆ ಲೆಕ್ಕಪತ್ರವೆಲ್ಲ ಚೆನ್ನಾಗಿ ಬರುತ್ತದೆ” ಎಂದೆ.

“ಲೆಕ್ಕ ಬರುವವರು ಬೇಡ. ಸೇವಾ ಪುಸ್ತಕ ಓದಬಲ್ಲವರು ಬೇಕು. ನೀವು ತಾಳೆಗರಿ ಓದಿದವರು. ನಮ್ಮ ಗುಮಾಸ್ತರ ಬರಹ ಓದಲಾರಿರಾ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಾರನೆಯ ದಿನ ಕಬ್ಬಿಣದ ಬೀರುವಿನಿಂದ ಮೂವತ್ತೊಂದು ಸೇವಾ ಪುಸ್ತಕಗಳು ನನ್ನ ಮೇಜಿಗೆ ಬಂದುವು.

ಸೇವಾ ಪುಸ್ತಕವನ್ನು ನೋಡದ ವಿದ್ಯಾರ್ಥಿಗಳಿಗಾಗಿ ಎರಡು ಮಾತು ಹೇಳಬೇಕು. ಸರಕಾರಿ ನೌಕರನೊಬ್ಬನ ಸೇವೆಯ ಜಾತಕ ಅದು. ಮೊದಲ ಪುಟದಲ್ಲಿ ಹೆಸರು, ಹುಟ್ಟಿದ ತಾರೀಖು, ಎತ್ತರ, ಮೈಮೇಲಿನ ಗುರುತು, ಎಡಗೈ ಬೆರಳುಗಳ ಮಸಿಯೊತ್ತು. ಆಮೇಲೆ ಪುಟ ಪುಟಕ್ಕೂ ಅಡ್ಡಗೆರೆ, ಉದ್ದಗೆರೆ. ನೇಮಕ, ವರ್ಗ, ರಜೆ, ವೇತನ ಬಡ್ತಿ, ಪ್ರತಿಯೊಂದಕ್ಕೂ ಆದೇಶದ ಸಂಖ್ಯೆ, ಅಧಿಕಾರಿಯ ಸಹಿ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಪುಸ್ತಕವನ್ನು ತೆರೆದರೆ ನಾಲ್ಕು ಕಾಲದ ಸಂಬಳ ಒಂದರ ಕೆಳಗೊಂದು ಇತ್ತು. ಸೇರಿದಾಗ 1986ರ ಪರಿಷ್ಕರಣೆಯ 2200–4000 ರೂಪಾಯಿ ಶ್ರೇಣಿ; 1996ರದ್ದರಲ್ಲಿ 8000–13500; 2006ರದ್ದರಲ್ಲಿ 15600–39100; 2016ರದ್ದರಲ್ಲಿ ಶ್ರೇಣಿಯ ಬದಲು ಹಂತದ ಸಂಖ್ಯೆ. ನಾಲ್ಕು ಗುಮಾಸ್ತರ ಕೈ, ನಾಲ್ಕು ಬಣ್ಣದ ಮಸಿ. ಮನುಷ್ಯರು ಮಾತ್ರ ಒಬ್ಬರೇ.

ಈ ಪುಸ್ತಕದಲ್ಲಿ ಇರುವುದನ್ನು ತಂತ್ರಾಂಶ ತನ್ನ ರೀತಿಯಲ್ಲಿ ಕೇಳುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಕಾಲಪಟ್ಟಿ. ಪ್ರತಿಯೊಂದು ಸಾಲಿನಲ್ಲಿಯೂ ಸಂಸ್ಥೆ, ಮಂಜೂರಾದ ಹುದ್ದೆಯ ಸಂಖ್ಯೆ, ಪದನಾಮ, ‘ಇಂದ’, ‘ವರೆಗೆ’. ಒಂದು ಸಾಲು ಮುಗಿದ ಮರುದಿನವೇ ಮುಂದಿನ ಸಾಲು ಹುಟ್ಟಬೇಕು. ಎರಡು ಸಾಲು ಒಂದರ ಮೇಲೊಂದು ಹತ್ತಬಾರದು. ನಡುವೆ ಸಂದು ಬಿಡಬಾರದು. ಕೊನೆಯ ಸಾಲಿನ ‘ವರೆಗೆ’ ಮಾತ್ರ ಖಾಲಿ. ಅವರು ಇನ್ನೂ ಕೆಲಸದಲ್ಲಿದ್ದಾರೆಂದು ಅದರ ಅರ್ಥ. ಎಲ್ಲ ಸರಿಯಿದ್ದರೆ ಸಾಲು ಹಸಿರಾಗುತ್ತದೆ, ಇಲ್ಲದಿದ್ದರೆ ಕೆಂಪು. ಕೇಳುವುದಕ್ಕೆ ಎಷ್ಟು ಸುಲಭ! ದಿನಕ್ಕೆ ಹತ್ತು ಜನರಂತೆ ಮೂರು ದಿನದಲ್ಲಿ ಮುಗಿಸಿ ಊರಿಗೆ ಹೋಗಿ ಮಾವಿನಹಣ್ಣು ತಿನ್ನಬಹುದೆಂದು ಲೆಕ್ಕ ಹಾಕಿದ್ದೆ. ಮಾವಿನ ಕಾಲ ಮುಗಿದು ಮಳೆ ಹಿಡಿದಾಗಲೂ ನಾನು ಅದೇ ಕುರ್ಚಿಯಲ್ಲಿದ್ದೆ.

ಮೊದಲ ತೊಡಕು ಪದನಾಮದ್ದು. ಆ ಪೆಟ್ಟಿಗೆಯನ್ನು ಒತ್ತಿದರೆ ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂಬ ಮೂರು ಹೆಸರು ಮಾತ್ರ ಇಳಿಯುತ್ತಿದ್ದುವು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರಿಗೆ ಈ ಮೂರು ಹೆಸರುಗಳನ್ನು ಗೊತ್ತುಮಾಡಿತು ನಿಜ. ಆದರೆ ಅದಕ್ಕೆ ಮೊದಲು ಬಂದವರು ‘ಉಪನ್ಯಾಸಕ’ರಾಗಿ ಬಂದವರು. ಅವರಲ್ಲಿ ಕೆಲವರು ‘ಹಿರಿಯ ಶ್ರೇಣಿ’ಯ ಉಪನ್ಯಾಸಕರಾದರು, ‘ಆಯ್ಕೆ ಶ್ರೇಣಿ’ಯ ಉಪನ್ಯಾಸಕರಾದರು; ಆಮೇಲೆ ಒಂದು ದಿನ ಹೊಸ ಆದೇಶ ಬಂದು, ಕುಳಿತ ಕುರ್ಚಿಯಲ್ಲಿಯೇ ಹೊಸ ಹೆಸರಿನವರಾದರು. ಅದು ಬಡ್ತಿಯೇ, ನಾಮಕರಣವೇ? ತಂತ್ರಾಂಶಕ್ಕೆ ಈ ಭೇದ ತಿಳಿಯದು.

ಸಹಾಯವಾಣಿಗೆ ದೂರವಾಣಿ ಮಾಡಿದೆ. ಅತ್ತ ಕಡೆ ಒಬ್ಬ ಯುವಕ, ಬಹಳ ವಿನಯವಂತ. “ಸಾರ್, ಹಳೆಯ ಹೆಸರನ್ನೆಲ್ಲ ಈಗಿನ ಹೆಸರಿಗೆ ಸೇರಿಸಿಬಿಡಿ. ಉಪನ್ಯಾಸಕ ಅಂದರೆ ಸಹಾಯಕ ಪ್ರಾಧ್ಯಾಪಕ, ಅಷ್ಟೆ” ಎಂದ.

ನನ್ನೊಳಗಿನ ಕನ್ನಡ ಮೇಷ್ಟ್ರು ಎದ್ದು ಕುಳಿತರು. “ನೋಡಪ್ಪ, ಕುವೆಂಪು ಅವರು 1929ರಲ್ಲಿ ಮಹಾರಾಜ ಕಾಲೇಜಿಗೆ ಕನ್ನಡ ಅಧ್ಯಾಪಕರಾಗಿ ಸೇರಿದರು. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾದರು. 1946ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕರಾದರು. ಆಗ ಸಹಾಯಕ ಪ್ರಾಧ್ಯಾಪಕ ಎಂಬುದು ನಡುವಿನ ಮೆಟ್ಟಿಲು. ನಿನ್ನ ಪಟ್ಟಿಯಲ್ಲಿ ಅದೇ ಮೊದಲ ಮೆಟ್ಟಿಲು. ಹಾಗಾದರೆ ಮೊದಲ ಕೆಲವು ವರ್ಷ ಅವರು ಎಲ್ಲಿ ನಿಂತಿದ್ದರು?”

ಅತ್ತ ಸ್ವಲ್ಪ ಹೊತ್ತು ಮೌನ. ಆಮೇಲೆ ಅವನು ಹೆದರಿದ ದನಿಯಲ್ಲಿ, “ಸಾರ್, ಕುವೆಂಪು ಅವರದ್ದು ನಾವು ತುಂಬಿಸಬೇಕಾಗಿಲ್ಲ ಅಲ್ಲವಾ?” ಎಂದು ಕೇಳಿದ.

ನಾನು ನಕ್ಕುಬಿಟ್ಟೆ, ಅವನೂ ನಕ್ಕ. ಆದರೆ ಮಾತು ಅವನಿಗೆ ತಾಗಿತ್ತು. ಮೂರನೆಯ ದಿನ ನೋಡುತ್ತೇನೆ, ಪಟ್ಟಿಯಲ್ಲಿ ಹಳೆಯ ಹೆಸರುಗಳೂ ಇದ್ದುವು. ಒಂದೊಂದರ ಪಕ್ಕದಲ್ಲಿಯೂ ಅದು ಯಾವ ವರ್ಷದಿಂದ ಯಾವ ವರ್ಷದವರೆಗೆ ಚಲಾವಣೆಯಲ್ಲಿತ್ತೆಂದು ಬರೆದಿತ್ತು. ಹೆಸರಿಗೂ ಒಂದು ಆಯುಸ್ಸುಂಟು. ಆ ಆಯುಸ್ಸನ್ನು ಬರೆದಿಡದಿದ್ದರೆ ಹಿಂದಿನದು ಅರ್ಥವಾಗುವುದಿಲ್ಲ. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ‘ಉಪಕುಲಪತಿ’ಗಳಾಗಿದ್ದರು. ಅದೇ ಕುರ್ಚಿಯಲ್ಲಿ ಕುಳಿತವರನ್ನು ನಾವು ಈಗ ‘ಕುಲಪತಿ’ ಎನ್ನುತ್ತೇವೆ. ಹೆಸರಿನಿಂದ ‘ಉಪ’ ಹೋಯಿತು, ಕುರ್ಚಿ ಇದ್ದಲ್ಲಿಯೇ ಇದೆ.

ಎರಡನೆಯ ತೊಡಕು ಬಡ್ತಿಯದು. ಆಯೋಗದ 2010ರ ಮತ್ತು 2018ರ ನಿಯಮಾವಳಿಗಳಂತೆ ಸಹಾಯಕ ಪ್ರಾಧ್ಯಾಪಕರು ಮೊದಲ ಹಂತದಿಂದ ಎರಡನೆಯದಕ್ಕೆ ಹೋಗಲು ಪಿಎಚ್.ಡಿ. ಇದ್ದರೆ ನಾಲ್ಕು ವರ್ಷ, ಎಂ.ಫಿಲ್. ಇದ್ದರೆ ಐದು, ಎರಡೂ ಇಲ್ಲದಿದ್ದರೆ ಆರು ವರ್ಷ ಸೇವೆ ಮಾಡಿರಬೇಕು. ಅಲ್ಲಿಂದ ಮೂರನೆಯದಕ್ಕೆ ಐದು ವರ್ಷ. ಅಲ್ಲಿಂದ ಸಹ ಪ್ರಾಧ್ಯಾಪಕರಾಗಲು ಮತ್ತೆ ಮೂರು ವರ್ಷ. ನಡುವೆ ಪುನಶ್ಚೇತನ ಶಿಬಿರ ಮೊದಲಾದುವನ್ನು ಮುಗಿಸಿರಬೇಕು. ಎಲ್ಲವೂ ಸರಿಯಾಗಿ ನಡೆದರೆ ಪಿಎಚ್.ಡಿ. ಇದ್ದವರಿಗೂ ಹನ್ನೆರಡು ವರ್ಷ ಬೇಕು. ಆದರೆ ಅರ್ಜಿ ಹೋಗಿ, ಸಮಿತಿ ಕೂಡಿ, ಆದೇಶ ಬರುವಷ್ಟರಲ್ಲಿ ಇನ್ನಷ್ಟು ಕಾಲ ಕಳೆಯುತ್ತದೆ. ಆದೇಶ ಬಂದಾಗ ಅದು ಹಿಂದಿನ ದಿನಾಂಕದಿಂದ ಜಾರಿಗೆ ಬರುತ್ತದೆ.

ನಮ್ಮ ಸಮಾಜಶಾಸ್ತ್ರದ ಮೇಷ್ಟ್ರಿಗೆ ಅರ್ಹತೆ ಬಂದದ್ದು 2016ರಲ್ಲಿ, ಆದೇಶ ಬಂದದ್ದು 2020ರಲ್ಲಿ. ಎಂದರೆ ನಾಲ್ಕು ವರ್ಷ ಅವರು ತಮಗೇ ತಿಳಿಯದೆ ಸಹ ಪ್ರಾಧ್ಯಾಪಕರಾಗಿದ್ದರು! ಆ ನಾಲ್ಕು ವರ್ಷ ಹಾಕಿದ ಪ್ರತಿಯೊಂದು ಸಹಿಯ ಕೆಳಗೂ ‘ಸಹಾಯಕ ಪ್ರಾಧ್ಯಾಪಕ’ ಎಂದೇ ಬರೆದಿದ್ದಾರೆ. ನಾನು ಆದೇಶದ ತಾರೀಖನ್ನೇ ‘ಇಂದ’ ಎಂಬಲ್ಲಿ ತುಂಬಿಸಿದ್ದೆ. ಸಾಲು ಹಸಿರಾಗಿಯೇ ಇತ್ತು. ಅವರು ಬಂದು ನೋಡಿ, “ಏನ್ರೀ, ನನ್ನ ನಾಲ್ಕು ವರ್ಷ ನುಂಗಿಬಿಟ್ಟಿರಲ್ಲ! ಮುಂದಿನ ಹಂತಕ್ಕೆ ಮೂರು ವರ್ಷ ಎಣಿಸುವುದು ಇಲ್ಲಿಂದಲೇ ಅಲ್ಲವೆ?” ಎಂದು ತಮಾಷೆಯಾಗಿಯೇ ಹೇಳಿದರು. ನನ್ನ ಎದೆ ಧಸಕ್ಕೆಂದಿತು. ಆದೇಶ ಹೊರಟ ದಿನ ಬೇರೆ, ಅದು ಜಾರಿಗೆ ಬಂದ ದಿನ ಬೇರೆ. ಎರಡನ್ನೂ ಬೇರೆ ಬೇರೆ ಕಡೆ ಬರೆಯಬೇಕು. ಇದನ್ನು ನಾನು ಮೂವತ್ತೊಂದು ಜನರಲ್ಲಿ ಹದಿನಾರನೆಯವರಲ್ಲಿ ಕಲಿತೆ. ಮೊದಲ ಹದಿನೈದನ್ನೂ ಮತ್ತೆ ತೆರೆಯಬೇಕಾಯಿತು.

ಇಲ್ಲಿಯವರೆಗೆ ಹೇಳಿದ್ದು ನನ್ನ ಅಜ್ಞಾನ. ಇನ್ನು ಹೇಳಬೇಕಾದದ್ದು ನನ್ನ ತಪ್ಪು.

ನಮ್ಮ ಇತಿಹಾಸದ ಮೇಡಂ ಅವರು ಇನ್ನು ಎಂಟು ತಿಂಗಳಿಗೆ ನಿವೃತ್ತರಾಗುವವರಿದ್ದರು. ಅವರ ಪುಸ್ತಕದಲ್ಲಿ ಒಂದು ವರ್ಗಾವಣೆ ಹೀಗಿತ್ತು: 14–6–1997ರ ಅಪರಾಹ್ನ ಹಿಂದಿನ ಕಾಲೇಜಿನಿಂದ ಬಿಡುಗಡೆ, 16–6–1997ರ ಪೂರ್ವಾಹ್ನ ಈ ಕಾಲೇಜಿನಲ್ಲಿ ಹಾಜರು. ಶನಿವಾರ ಸಂಜೆ ಬಿಟ್ಟರು, ಸೋಮವಾರ ಬೆಳಿಗ್ಗೆ ಬಂದರು, ಇದರಲ್ಲಿ ಹೇಳುವುದೇನಿದೆ? ಆದರೆ ತಂತ್ರಾಂಶಕ್ಕೆ ಪೂರ್ವಾಹ್ನ ಅಪರಾಹ್ನ ತಿಳಿಯದು; ಭಾನುವಾರವೂ ತಿಳಿಯದು. ‘ಸೇವೆಯಲ್ಲಿ ಒಂದು ದಿನದ ಖಂಡ’ ಎಂದು ಕೆಂಪು ಅಕ್ಷರದಲ್ಲಿ ತೋರಿಸಿ ಹಟ ಹಿಡಿಯಿತು. ಸಂಜೆ ಆರು ಗಂಟೆಯಾಗಿತ್ತು. ಜವಾನ ಬಾಗಿಲು ಹಾಕಲು ಕಾದಿದ್ದ. ನಾನು 16 ಎಂಬುದನ್ನು 15 ಎಂದು ತಿದ್ದಿದೆ. ಸಾಲು ಹಸಿರಾಯಿತು. ಒಬ್ಬ ಹಿರಿಯರಿಗೆ ಉಪಕಾರ ಮಾಡಿದೆನೆಂಬ ಸಂತೋಷದಿಂದಲೇ ಮನೆಗೆ ಹೋದೆ. ನಿಜ ಹೇಳುವುದಾದರೆ, ಅದೇ ಉಪಾಯವನ್ನು ಮುಂದಿನ ವಾರ ಇನ್ನೂ ಆರು ಮಂದಿಯ ಸಾಲುಗಳಲ್ಲಿ ಪ್ರಯೋಗಿಸಿದೆ.

ಪ್ರತಿಯೊಬ್ಬರೂ ತಮ್ಮ ಪಟ್ಟಿಯನ್ನು ಓದಿ ಸಹಿ ಮಾಡಬೇಕಿತ್ತು. ಬಹಳ ಮಂದಿ ಓದದೆಯೇ ಸಹಿ ಮಾಡಿದರು. ಮೇಡಂ ಮಾತ್ರ ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಬೆರಳು ಒಂದು ಕಡೆ ನಿಂತಿತು.

“ಸಾರ್, ಹದಿನೈದು ಭಾನುವಾರ ಅಲ್ಲವೆ?”

“ಹೌದು ಮೇಡಂ. ತಂತ್ರಾಂಶ ಒಪ್ಪಲಿಲ್ಲ. ಒಂದು ದಿನ ತಾನೆ ಎಂದು…”

“ಆ ಭಾನುವಾರ ನಾನು ಯಾವ ಕಾಲೇಜಿನಲ್ಲೂ ಇರಲಿಲ್ಲ ಸಾರ್. ಸಾಮಾನು ತುಂಬಿದ ಲಾರಿಯ ಮುಂದಿನ ಸೀಟಿನಲ್ಲಿದ್ದೆ. ಮಗುವಿಗೆ ಐದು ತಿಂಗಳು. ದಾರಿಯುದ್ದಕ್ಕೂ ಮಳೆ. ಘಟ್ಟದ ಮೇಲೆ ಲಾರಿ ಕೆಟ್ಟು ಮೂರು ಗಂಟೆ ನಿಂತಿತ್ತು. ಸೋಮವಾರ ಹತ್ತೂವರೆಗೆ ಬಂದು ಸಹಿ ಮಾಡುವಾಗ ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಮೂವತ್ತು ವರ್ಷ ಮಕ್ಕಳಿಗೆ ತಾರೀಖು ಸರಿಯಾಗಿ ಬರೆಯಿರಿ ಎಂದು ಹೇಳಿಕೊಂಡು ಬಂದವಳು. ನನ್ನದೇ ತಪ್ಪಾದರೆ ಹೇಗೆ?” ಎಂದರು.

ಪಕ್ಕದಲ್ಲಿ ನಮ್ಮ ಕಛೇರಿಯ ಅಧೀಕ್ಷಕರಿದ್ದರು. ಅವರು ಕಾವ್ಯ ಓದಿದವರಲ್ಲ, ಕಡತ ಓದಿದವರು. “ಅದು ಹಾಗಿರಲಿ ಮೇಷ್ಟ್ರೇ, ಮೇಡಂ ಅವರ ಪಿಂಚಣಿ ಕಾಗದ ಹೋಗುವಾಗ ಪುಸ್ತಕದಲ್ಲಿ ಹದಿನಾರು, ಇಲ್ಲಿ ಹದಿನೈದು ಅಂತ ಇದ್ದರೆ ಕಡತ ವಾಪಸು ಬರುತ್ತೆ. ಭಾನುವಾರ ಕಾಲೇಜಿನ ಬಾಗಿಲು ತೆಗೆದು ಇವರನ್ನು ಹಾಜರು ಮಾಡಿಕೊಂಡವರು ಯಾರು ಅಂತ ಲೆಕ್ಕಪರಿಶೋಧಕರು ಕೇಳಿದರೆ ಏನು ಹೇಳೋಣ? ಇಲ್ಲದ ದಿನ ತೋರಿಸುವುದಕ್ಕಿಂತ ಇಲ್ಲ ಅಂತ ಬರೆದು ಕಾರಣ ಹೇಳುವುದೇ ಕ್ಷೇಮ” ಎಂದರು. ಅವರೇ ಬಂದು ನನ್ನ ಪಕ್ಕದಲ್ಲಿ ಕುಳಿತು, ಕಾರಣಗಳ ಪಟ್ಟಿಯನ್ನು ಕೆಳಗೆ, ಇನ್ನೂ ಕೆಳಗೆ ಎಳೆದು, ಕಟ್ಟಕಡೆಗೆ ‘ಸೇರಿಕೆ ಕಾಲ’ ಎಂಬ ಒಂದು ಮಾತನ್ನು ತೋರಿಸಿದರು. ಅದನ್ನು ಒತ್ತಿ, ಷರಾದಲ್ಲಿ ‘ಅಪರಾಹ್ನ ಬಿಡುಗಡೆ, ಭಾನುವಾರ, ಪೂರ್ವಾಹ್ನ ಹಾಜರು’ ಎಂದು ಬರೆದೆವು. 16 ಮತ್ತೆ ತನ್ನ ಸ್ಥಾನಕ್ಕೆ ಬಂದಿತು. ಸಾಲು ಹಸಿರಾಗಿಯೇ ಉಳಿಯಿತು! ನಾನು ಪಟ್ಟಿಯ ತಳದವರೆಗೆ ಓದಿರಲಿಲ್ಲ, ಅಷ್ಟೆ. ಉಳಿದ ಆರು ಮಂದಿಯ ಸಾಲುಗಳನ್ನು ಹುಡುಕಿ ತಿದ್ದುವುದಕ್ಕೆ ಎರಡು ದಿನ ಹಿಡಿಯಿತು. ಆ ಆರು ಜನರ ಬಳಿಗೂ ಹೋಗಿ, ಹೀಗೆ ಮಾಡಿದ್ದೆ, ತಿದ್ದಿದ್ದೇನೆ ಎಂದು ಹೇಳಿ ಮತ್ತೆ ಸಹಿ ತೆಗೆದುಕೊಂಡೆ. ಮೇಡಂ ಅವರ ಕಡತ ಆಕ್ಷೇಪಣೆಯಿಲ್ಲದೆ ಹೋಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ‘ಸತ್ಯವೇ ಕ್ಷೇಮ’ ಎಂಬ ನೀತಿಯೊಂದಿಗೆ ಲೇಖನವನ್ನು ನಿಲ್ಲಿಸಬಹುದಾಗಿತ್ತು. ಆದರೆ ಜುಲೈ ತಿಂಗಳಲ್ಲಿ ನಮ್ಮ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕರು ನನ್ನ ಬಳಿಗೆ ಬಂದರು. ಬೇರೊಂದು ಕಡೆ ಅರ್ಜಿ ಹಾಕಬೇಕು. ಇಲ್ಲಿ ಹನ್ನೊಂದು ವರ್ಷ ಪಾಠ ಹೇಳಿದ್ದಕ್ಕೆ ಅನುಭವ ಪತ್ರ ಬೇಕು. “ಎಲ್ಲರದ್ದೂ ತುಂಬಿಸಿದ್ದೀರಂತಲ್ಲ ಸಾರ್, ನನ್ನದನ್ನೂ ಒಂದು ಮುದ್ರಿಸಿ ಕೊಡಿ” ಎಂದರು.

ಅವರ ಹೆಸರನ್ನು ಹುಡುಕಿದೆ. ಇರಲಿಲ್ಲ. ತುಂಬಿಸಲು ಹೊರಟರೆ ತಂತ್ರಾಂಶ ಮೊದಲು ಕೇಳಿದ್ದು ಮಂಜೂರಾದ ಹುದ್ದೆಯ ಸಂಖ್ಯೆ. ಅತಿಥಿಗೆ ಹುದ್ದೆಯೆಲ್ಲಿಯದು? ಆ ಪೆಟ್ಟಿಗೆಯನ್ನು ಬಿಟ್ಟು ಮುಂದೆ ಹೋಗಲು ಅದು ಬಿಡದು. ಪದನಾಮದ ಪಟ್ಟಿಯ ತಳದವರೆಗೂ ಈ ಸಲ ಓದಿದೆ, ಅಲ್ಲಿಯೂ ಅವರಿಲ್ಲ. ವಾರಕ್ಕೆ ಇಷ್ಟು ಗಂಟೆಯೆಂದು ಹನ್ನೊಂದು ವರ್ಷ ಪಾಠ ಹೇಳಿದ ಮನುಷ್ಯ. ಅವರ ಕೈಕೆಳಗೆ ಓದಿದವರು ವಕೀಲರಾಗಿದ್ದಾರೆ, ಪಂಚಾಯಿತಿ ಸದಸ್ಯರಾಗಿದ್ದಾರೆ. ಯಂತ್ರದ ದೃಷ್ಟಿಯಲ್ಲಿ ಅವರು ಈ ಕಾಲೇಜಿಗೆ ಬಂದೇ ಇಲ್ಲ.

ಇಬ್ಬರೂ ಕುಳಿತು ಕೈಯಲ್ಲಿಯೇ ಪಟ್ಟಿ ಮಾಡಲು ತೊಡಗಿದೆವು. ಎಂಟು ವರ್ಷದ ಆದೇಶಗಳು ಕಡತದಲ್ಲಿ ಸಿಕ್ಕವು. ಎರಡು ವರ್ಷದ್ದು ಗೌರವಧನದ ಬಿಲ್ಲುಗಳಿಂದ ಗೊತ್ತಾಯಿತು. ಒಂದು ವರ್ಷದ್ದು ಎಲ್ಲಿಯೂ ಇಲ್ಲ. ಆ ಕಪಾಟಿನೊಳಕ್ಕೆ ಒಂದು ಮಳೆಗಾಲದಲ್ಲಿ ಸೂರು ಸೋರಿತ್ತು. ಆಗ ನಮ್ಮ ಗ್ರಂಥಪಾಲಕರು ಈ ವಾರ್ಷಿಕ ಸಂಚಿಕೆಯ ಹಳೆಯ ಪ್ರತಿಗಳನ್ನು ತಂದು ಮುಂದಿಟ್ಟರು. ಕೊನೆಯ ಪುಟಗಳಲ್ಲಿ ಅಧ್ಯಾಪಕ ವರ್ಗದ ಪಟ್ಟಿಯಿರುವುದು ವಾಡಿಕೆಯಷ್ಟೆ. ಆ ವರ್ಷದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಅತಿಥಿಗಳನ್ನು ಸೇರಿಸಿರಲಿಲ್ಲ. ಆದರೆ ನಡುವೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದ ಒಂದು ಚಿತ್ರವಿತ್ತು. ಕೆರೆಯ ಏರಿಯ ಮೇಲೆ ಹುಡುಗರ ನಡುವೆ ಪಂಚೆ ಮೇಲೆ ಕಟ್ಟಿ, ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ನಿಂತವರು ಅವರೇ. ಚಿತ್ರದ ಕೆಳಗೆ ತಿಂಗಳು, ವರ್ಷ. ಚಿತ್ರವನ್ನು ಪ್ರಮಾಣವೆಂದು ಕಛೇರಿ ಒಪ್ಪದು. ಆದರೆ ಯಾವ ತಿಂಗಳ ಕಟ್ಟಿನಲ್ಲಿ ಹುಡುಕಬೇಕೆಂದು ಅದು ಹೇಳಿಕೊಟ್ಟಿತು. ಬೇರೆ ಕಡತದೊಳಗೆ ಸೇರಿಹೋಗಿದ್ದ ಆ ತಿಂಗಳ ಬಿಲ್ಲಿನ ಪ್ರತಿಯನ್ನು ಅಧೀಕ್ಷಕರು ಎರಡು ದಿನದಲ್ಲಿ ಪತ್ತೆ ಮಾಡಿದರು.

ಹನ್ನೊಂದು ಸಾಲು ಪೂರ್ತಿಯಾಯಿತು. ಪ್ರತಿ ವರ್ಷವೂ ಒಂದು ನೇಮಕ, ಪರೀಕ್ಷೆಯ ಹೊತ್ತಿಗೆ ಒಂದು ಬಿಡುಗಡೆ. ಎರಡು ಸಾಲಿನ ನಡುವೆ ಎರಡೋ ಮೂರೋ ತಿಂಗಳ ಸಂದು. ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಸಾರ್, ಈ ಸಂದುಗಳನ್ನು ಮುಚ್ಚುವುದಕ್ಕೆ ಬರುವುದಿಲ್ಲವೆ?” ಎಂದು ಕೇಳಿದರು.

ಮೇ ತಿಂಗಳ ಆ ಸಂಜೆಯಲ್ಲಿ ಕೇಳಿದ್ದರೆ ಮುಚ್ಚಿಬಿಡುತ್ತಿದ್ದೆನೋ ಏನೋ. “ಬರುವುದಿಲ್ಲ” ಎಂದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. “ಆ ತಿಂಗಳುಗಳಲ್ಲಿ ಏನು ಮಾಡುತ್ತಿದ್ದಿರಿ?” ಎಂದು ಕೇಳಿದೆ. “ಊರಿನಲ್ಲಿ ಗದ್ದೆ ಕೆಲಸ. ಎರಡು ವರ್ಷ ಭಾವಮೈದುನನ ಜೆರಾಕ್ಸ್ ಅಂಗಡಿ” ಎಂದು ಅವರು ನಕ್ಕರು. ಮೇಡಂ ಅವರ ಭಾನುವಾರಕ್ಕೆ ನಿಯಮದಲ್ಲಿ ಒಂದು ಹೆಸರಿತ್ತು. ಇವರ ಬೇಸಗೆಗಳಿಗೆ ಯಾವ ಹೆಸರೂ ಇಲ್ಲ. ಅದೇ ಸತ್ಯ ಒಬ್ಬರನ್ನು ಕಾಪಾಡಿತು, ಇನ್ನೊಬ್ಬರನ್ನು ಕಾಪಾಡಲಿಲ್ಲ. ಆದರೆ ಆ ಸಂದುಗಳನ್ನು ನಾನು ಸುಳ್ಳು ತಾರೀಖಿನಿಂದ ತುಂಬಿದ್ದರೆ, ಅವರಿಗೆ ಆದ ಅನ್ಯಾಯದ ಗುರುತೇ ಅಳಿಸಿಹೋಗುತ್ತಿತ್ತು. ಈ ಸಮಾಧಾನದಿಂದ ಹೊಟ್ಟೆ ತುಂಬುವುದಿಲ್ಲವೆಂಬುದೂ ನನಗೆ ಗೊತ್ತು. ಪ್ರಾಂಶುಪಾಲರು ಹನ್ನೊಂದು ಸಾಲಿನ ಕೆಳಗೆ ಸಹಿ ಮಾಡಿ ಮೊಹರು ಒತ್ತಿದರು. ಅರ್ಜಿ ಹೋಗಿದೆ, ಫಲಿತಾಂಶ ಇನ್ನೂ ಬಂದಿಲ್ಲ.

ಅತಿಥಿ ಉಪನ್ಯಾಸಕರಿಗೂ ತಂತ್ರಾಂಶದಲ್ಲಿ ಒಂದು ಜಾಗ ಮಾಡಿಕೊಡಬೇಕೆಂದು ಮೇಲಿನ ಕಛೇರಿಗೆ ಬರೆದಿದ್ದೇವೆ. ಕುವೆಂಪು ವಿಷಯ ಕೇಳಿ ಹೆದರಿದ ಆ ಯುವಕ, “ಪ್ರಯತ್ನ ಮಾಡುತ್ತೇನೆ ಸಾರ್” ಎಂದಿದ್ದಾನೆ. ಅದಾಗುವವರೆಗೆ ನಮ್ಮ ಕಛೇರಿಯಲ್ಲಿ ಒಂದು ದಪ್ಪ ನೋಟು ಪುಸ್ತಕ ಇಟ್ಟಿದ್ದೇವೆ. ಹುದ್ದೆಯಿರಲಿ ಇಲ್ಲದಿರಲಿ, ಆ ವರ್ಷ ಈ ಕಾಲೇಜಿನಲ್ಲಿ ಯಾರು ಯಾರು ಪಾಠ ಹೇಳಿದರು, ಯಾವ ದಿನದಿಂದ ಯಾವ ದಿನದವರೆಗೆ ಎಂದು ಅದರಲ್ಲಿ ಬರೆಯುತ್ತೇವೆ. ಪೂರ್ವಾಹ್ನ, ಅಪರಾಹ್ನ ಎಂದೂ ಬರೆಯುತ್ತೇವೆ.

ಈ ಸಂಚಿಕೆಯ ಸಂಪಾದಕರಲ್ಲಿಯೂ ನಾನು ಒಂದು ಮಾತು ಕೇಳಿಕೊಂಡೆ, ಅವರು ಒಪ್ಪಿದ್ದಾರೆ. ಓದುಗರು ದಯವಿಟ್ಟು ಕೊನೆಯ ಪುಟ ತಿರುವಿ ನೋಡಬೇಕು. ಅಧ್ಯಾಪಕ ವರ್ಗದ ಪಟ್ಟಿ ಈ ವರ್ಷ ಸ್ವಲ್ಪ ಉದ್ದವಾಗಿದೆ.